ನಮ್ಮನ್ನು ಆಳುವ ಕಥೆಗಳು



ಗ್ರಹಣದ ದಿನ ನಿಮ್ಮ ಮನೆಯ ವಾತಾವರಣ ಹೇಗಿರುತ್ತದೆಂದು ಒಮ್ಮೆ ನೆನಪಿಸಿಕೊಳ್ಳಿ. 2019ರ ಡಿಸೆಂಬರ್ 26ರಂದು ಮಂಗಳೂರು ಮತ್ತು ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಾಣಿಸಿತ್ತು. ಅಂದು ಎಷ್ಟೋ ಮನೆಗಳಲ್ಲಿ ಗರ್ಭಿಣಿಯರನ್ನು ಕೋಣೆಯಿಂದ ಹೊರಗೆ ಬಿಡಲಿಲ್ಲ. ಚಾಕು, ಕತ್ತರಿ ಮುಟ್ಟಲು ಬಿಡಲಿಲ್ಲ. ಮುಟ್ಟಿದರೆ ಹುಟ್ಟುವ ಮಗುವಿನ ತುಟಿ ಸೀಳಿರುತ್ತದೆಂಬ ಭಯ. ಅದೇ ದಿನ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ, ಅಂಗವೈಕಲ್ಯ ಗುಣವಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಹೆತ್ತವರು ಕ್ರೂರಿಗಳಾಗಿರಲಿಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಮಾಡಿದ್ದರು. ಯಾರಿಂದಲೋ ಕೇಳಿದ ಒಂದು ಕಥೆ ಅವರ ಕೈ ಹಿಡಿದು ನಡೆಸಿತ್ತು.

ಇದನ್ನು ಓದಿ ನಗುವುದು ಸುಲಭ. ಆದರೆ ನಮ್ಮ ಕೈ ಹಿಡಿದು ನಡೆಸುತ್ತಿರುವ ಕಥೆ ಯಾವುದು? ಈ ಪಾಠದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಮದೀನಾದಲ್ಲಿ ಒಂದು ಗ್ರಹಣ

ಪ್ರವಾದಿ ಮುಹಮ್ಮದ್(ಸ)ರಿಗೆ ಇಬ್ರಾಹೀಮ್ ಎಂಬ ಗಂಡು ಮಗುವಿತ್ತು. ತಾಯಿ ಮಾರಿಯಾ(ರ). ಹಿಜರಿ 10ನೇ ವರ್ಷದಲ್ಲಿ, ಇನ್ನೂ ಎರಡು ವರ್ಷ ತುಂಬುವ ಮೊದಲೇ ಆ ಮಗು ತೀರಿಕೊಂಡಿತು. ಮಗುವನ್ನು ಮಡಿಲಲ್ಲಿ ಹಿಡಿದಿದ್ದ ಪ್ರವಾದಿವರ್ಯ(ಸ)ರ ಕಣ್ಣುಗಳು ತುಂಬಿ ಬಂದಿದ್ದವು. ಅದೇ ದಿನ ಸೂರ್ಯಗ್ರಹಣವಾಯಿತು. ಖಗೋಳ ಗಣನೆಯಂತೆ ಅದು ಕ್ರಿ.ಶ. 632ರ ಜನವರಿ 27.

ಜನರ ನಾಲಿಗೆಯಲ್ಲಿ ಒಂದು ಕಥೆ ಹುಟ್ಟಿಕೊಂಡಿತು. ಪ್ರವಾದಿಯವರ ಮಗನ ಅಗಲಿಕೆಗೆ ಸೂರ್ಯನೂ ದುಃಖಿಸಿದ್ದಾನೆ! ದೊಡ್ಡವರು ಹುಟ್ಟಿದಾಗ, ಸತ್ತಾಗ ಆಕಾಶವೂ ಸ್ಪಂದಿಸುತ್ತದೆಂಬುದು ಆ ಜನರ ಹಳೆಯ ನಂಬಿಕೆ. ಕಥೆಯಲ್ಲಿ ದುರುದ್ದೇಶವಿರಲಿಲ್ಲ, ಪ್ರೀತಿಯಿತ್ತು. ಅದರಿಂದ ಪ್ರವಾದಿ(ಸ)ರ ಗೌರವ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಅವರು ಮೌನವಾಗಿದ್ದರೆ ಸಾಕಿತ್ತು, ಕಥೆ ತಾನಾಗಿ ಬೆಳೆಯುತ್ತಿತ್ತು. ಪುತ್ರಶೋಕದಲ್ಲಿದ್ದ ತಂದೆಯೊಬ್ಬರು ಆ ದಿನ ಮೌನವಾಗಿದ್ದರೂ ಯಾರೂ ದೂರುತ್ತಿರಲಿಲ್ಲ.

ಆದರೆ ಅವರು ಮೌನವಾಗಿರಲಿಲ್ಲ. ಜನರೊಂದಿಗೆ ದೀರ್ಘವಾದ ನಮಾಝ್ ನಿರ್ವಹಿಸಿದ ಬಳಿಕ ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳಲ್ಲಿ ಎರಡು ದೃಷ್ಟಾಂತಗಳೆಂದೂ, ಯಾರ ಮರಣಕ್ಕಾಗಲಿ ಯಾರ ಜನನಕ್ಕಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಸ್ಪಷ್ಟಪಡಿಸಿದರು.

ಈ ಘಟನೆಯನ್ನು ನಾವು ಗ್ರಹಣದ ನಮಾಝಿನ ನಿಯಮ ತಿಳಿಯಲು ಮಾತ್ರ ಓದುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ನಮ್ಮನ್ನು ಹೊಗಳುವ, ನಮಗೆ ಲಾಭ ತರುವ ಕಥೆಯನ್ನೇ ಎಲ್ಲಕ್ಕಿಂತ ಮೊದಲು ಪ್ರಶ್ನಿಸಬೇಕು. ಬೇರೆಯವರ ಮೂಢನಂಬಿಕೆಯನ್ನು ಪ್ರಶ್ನಿಸಲು ಧೈರ್ಯ ಬೇಕಾಗಿಲ್ಲ. ನಮ್ಮ ಕುರ್ಚಿಯನ್ನು ಎತ್ತರಿಸುವ ಕಥೆಯನ್ನು ಪ್ರಶ್ನಿಸಲು ಬೇಕು.

ಗುರುತಿಸುವುದು ಹೇಗೆ?

ಇಂತಹ ಕಥೆಗಳು ತಮ್ಮನ್ನು ಕಥೆಯೆಂದು ಹೇಳಿಕೊಳ್ಳುವುದಿಲ್ಲ. ಅವು ಚಿಕ್ಕ ಚಿಕ್ಕ ಮಾತುಗಳಾಗಿ ನಮ್ಮ ನಡುವೆ ಓಡಾಡುತ್ತವೆ. "ನಮ್ಮಲ್ಲಿ ಹಾಗೆಲ್ಲ ಇಲ್ಲ." "ಹಿರಿಯರು ಮಾಡಿದ್ದು ಸುಮ್ಮನೆಯೇ?" "ನಾಲ್ಕು ಜನ ಏನಂದಾರು?" ಈ ಮಾತುಗಳು ಕೇಳಿಬಂದ ಕಡೆ ಸ್ವಲ್ಪ ನಿಲ್ಲಿ. ಅವುಗಳ ಹಿಂದೆ ಯಾವುದೋ ಒಂದು ಕಥೆ ಕುಳಿತಿರುತ್ತದೆ.

ಪವಿತ್ರ ಕುರ್‌ಆನ್ ಈ ರೋಗವನ್ನು ಮತ್ತೆ ಮತ್ತೆ ಹೆಸರಿಸಿದೆ. ಅಲ್ಲಾಹನು ಅವತೀರ್ಣಗೊಳಿಸಿದುದನ್ನು ಅನುಸರಿಸಿರಿ ಎಂದಾಗ, ತಂದೆ ತಾತಂದಿರು ನಡೆದ ದಾರಿಯೇ ನಮಗೆ ಸಾಕು ಎನ್ನುವವರನ್ನು ಅದು ಕೇಳುತ್ತದೆ: ಆ ಪೂರ್ವಜರು ವಿಚಾರ ಮಾಡದವರೂ ಸನ್ಮಾರ್ಗ ಕಾಣದವರೂ ಆಗಿದ್ದರೆ? (2:170)

ಹ. ಇಬ್ರಾಹೀಮ್(ಅ)ರ ಚರಿತ್ರೆಯನ್ನು ಗಮನಿಸಿ. ಅವರು ವಿಗ್ರಹಗಳನ್ನು ಒಡೆದು ದೊಡ್ಡದೊಂದನ್ನು ಮಾತ್ರ ಉಳಿಸಿದರು. ಯಾರು ಮಾಡಿದ್ದೆಂದು ಜನರು ವಿಚಾರಿಸಿದಾಗ, ಅವು ಮಾತನಾಡುವುದಾದರೆ ಅವನ್ನೇ ಕೇಳಿರೆಂದರು. ಆಗ ಒಂದು ವಿಶೇಷ ನಡೆಯಿತು. ಆ ಜನರು ತಮ್ಮ ಅಂತರಂಗದ ಕಡೆಗೆ ತಿರುಗಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಆದರೆ ಮರುಕ್ಷಣವೇ ತಲೆಕೆಳಗಾಗಿ ಹಳೆಯ ವಾದಕ್ಕೇ ಮರಳಿದರು (21:64-65). ಸತ್ಯ ಅವರಿಗೆ ಕಾಣಿಸಲಿಲ್ಲವೆಂದಲ್ಲ. ಕಾಣಿಸಿತು. ಅದನ್ನು ಒಪ್ಪಿದರೆ ಬದುಕು ಬದಲಾಯಿಸಬೇಕಾಗುತ್ತದೆಂಬ ಭಯಕ್ಕೆ ಕಣ್ಣು ಮುಚ್ಚಿಕೊಂಡರು. ನಮ್ಮ ಜೀವನದಲ್ಲೂ ಅಂತಹ ಒಂದು ಕ್ಷಣ ಬಂದು ಹೋಗಿರಬಹುದು.

ಹಾಗೆಂದು ಎಲ್ಲ ಆಚಾರಗಳೂ ಕೆಟ್ಟವೇನಲ್ಲ. ಒಂದು ನಾಡಿನ ಉಡುಗೆ, ಊಟ, ಭಾಷೆ, ಅತಿಥಿ ಸತ್ಕಾರಗಳನ್ನು ಇಸ್ಲಾಮ್ ಗೌರವಿಸಿದೆ. ಶರೀಅತಿಗೆ ವಿರುದ್ಧವಲ್ಲದ ರೂಢಿಗೆ 'ಉರ್ಫ್' ಎಂಬ ಹೆಸರಿನಲ್ಲಿ ಕರ್ಮಶಾಸ್ತ್ರದಲ್ಲೂ ಸ್ಥಾನವಿದೆ. ಆದ್ದರಿಂದ ಒಂದು ಮಾತು ಹಳೆಯದೇ ಹೊಸದೇ ಎಂದು ನೋಡಿ ಪ್ರಯೋಜನವಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಈ ಮಾತಿನಿಂದ ಲಾಭ ಯಾರಿಗೆ? ಇದರ ಬೆಲೆ ತೆರುವವರು ಯಾರು? ಅಲ್ಲಾಹನ ಆದೇಶದ ಮುಂದೆ ಇಟ್ಟಾಗ ಇದು ನಿಲ್ಲುತ್ತದೆಯೇ?

ಸಅದ್(ರ)ರ ಹೆಣ್ಣುಮಕ್ಕಳು

ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಒಂದು ಕಥೆ ಬಲವಾಗಿ ಬೇರೂರಿತ್ತು. ಕುದುರೆ ಏರಿ ಆಯುಧ ಹಿಡಿದು ಕುಲವನ್ನು ಕಾಯುವವನೇ ಆಸ್ತಿಗೆ ಹಕ್ಕುದಾರ ಎಂಬುದೇ ಆ ಕಥೆ. ಮೇಲ್ನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಆದರೆ ಅದರ ಬೆಲೆ ತೆತ್ತವರು ವಿಧವೆಯರು, ಹೆಣ್ಣುಮಕ್ಕಳು ಮತ್ತು ಎಳೆಯರು.

ಹ. ಸಅದ್ ಬಿನ್ ರಬೀಅ್(ರ) ಮದೀನಾದ ಅನ್ಸಾರಿಗಳಲ್ಲಿ ಉದಾರಿಯೆಂದು ಹೆಸರಾದವರು. ಮಕ್ಕಾದಿಂದ ಬರಿಗೈಯಲ್ಲಿ ಬಂದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದವರು. ಉಹುದ್ ಯುದ್ಧದಲ್ಲಿ ಅವರು ಹುತಾತ್ಮರಾದರು. ಅವರ ಸಹೋದರನು ರೂಢಿಯಂತೆ ಎಲ್ಲ ಆಸ್ತಿಯನ್ನೂ ವಶಪಡಿಸಿಕೊಂಡನು. ಸಅದ್‌ರ ವಿಧವೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿಗೆ ಬಂದರು. ಇವರ ತಂದೆ ನಿಮ್ಮ ಜೊತೆ ಹೋರಾಡಿ ಮಡಿದರು, ಚಿಕ್ಕಪ್ಪ ಇವರಿಗೇನೂ ಉಳಿಸಲಿಲ್ಲ, ಕೈಯಲ್ಲಿ ಏನೂ ಇಲ್ಲದೆ ಇವರ ಮದುವೆ ಹೇಗಾದೀತು ಎಂದು ಅಳಲು ತೋಡಿಕೊಂಡರು. ಅಲ್ಲಾಹನು ಇದರಲ್ಲಿ ತೀರ್ಪು ನೀಡುವನೆಂದು ಪ್ರವಾದಿ(ಸ) ತಿಳಿಸಿದರು.

ಬಳಿಕ ಉತ್ತರಾಧಿಕಾರದ ಸೂಕ್ತಗಳು ಅವತೀರ್ಣಗೊಂಡವು. ಪ್ರವಾದಿ(ಸ) ಆ ಚಿಕ್ಕಪ್ಪನಿಗೆ ಹೇಳಿ ಕಳುಹಿಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು ಪಾಲು, ಅವರ ತಾಯಿಗೆ ಎಂಟನೇ ಒಂದು ಪಾಲು ಕೊಟ್ಟು, ಉಳಿದುದನ್ನು ತೆಗೆದುಕೊಳ್ಳಲು ಆದೇಶಿಸಿದರು. ಲೆಕ್ಕ ಹಾಕಿ ನೋಡಿ. ಆಸ್ತಿಯನ್ನು 24 ಭಾಗ ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3, ಎಲ್ಲವೂ ತನ್ನದೆಂದುಕೊಂಡಿದ್ದವನಿಗೆ 5. ತಲೆತಲಾಂತರದಿಂದ ಬಂದ ಕಥೆಯೊಂದು ಹೀಗೆ ಮುಗಿಯಿತು. ಅದನ್ನು ಮುಗಿಸಲು ಒಬ್ಬ ತಾಯಿ ಪ್ರಶ್ನೆ ಕೇಳಬೇಕಾಯಿತು.

ನಮ್ಮ ಮನೆಯ ಕಥೆ

ಆ ಕಥೆ ನಿಜವಾಗಿಯೂ ಮುಗಿಯಿತೇ? ನೀವು ಕಂಡಿರಬಹುದಾದ ಒಂದು ದೃಶ್ಯ. ತಂದೆ ತೀರಿಕೊಂಡು ಕೆಲವು ತಿಂಗಳಾಗಿವೆ. ಅಣ್ಣಂದಿರು ಚಾವಡಿಯಲ್ಲಿ ಪಹಣಿ, ಖಾತೆ ಎಂದು ಮಾತನಾಡುತ್ತಿದ್ದಾರೆ. ಮದುವೆಯಾಗಿ ಹೋದ ತಂಗಿ ತವರಿಗೆ ಬಂದಿದ್ದಾಳೆ, ಚಹಾ ತಂದಿಟ್ಟಿದ್ದಾಳೆ. "ಇಲ್ಲೊಂದು ಸಹಿ ಹಾಕು ತಂಗೀ, ಕಾಗದ ಪತ್ರ ಸುಲಭವಾಗುತ್ತದೆ" ಎಂದು ದೊಡ್ಡಣ್ಣ ಪ್ರೀತಿಯಿಂದಲೇ ಹೇಳುತ್ತಾನೆ. ಅದು ಹಕ್ಕು ಬಿಡುಗಡೆ ಪತ್ರ. ಅವಳು ಓದುವುದಿಲ್ಲ. ಓದಿದರೂ ಕೇಳುವುದಿಲ್ಲ. ಯಾಕೆಂದರೆ ಚಿಕ್ಕಂದಿನಿಂದ ಅವಳು ಕೇಳುತ್ತ ಬಂದ ಕಥೆಯಲ್ಲಿ ಒಳ್ಳೆಯ ತಂಗಿ ಪಾಲು ಕೇಳುವುದಿಲ್ಲ. ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ನಾವೂ ನಮ್ಮ ಮನೆಯೊಳಗೆ ಕರೆದು ಕೂರಿಸಿದ್ದೇವೆ.

ಈಗ ಆ ಮೂರು ಪ್ರಶ್ನೆಗಳನ್ನು ಕೇಳೋಣ. ಲಾಭ ಯಾರಿಗೆ? ಅಣ್ಣಂದಿರಿಗೆ. ಬೆಲೆ ತೆರುವವಳು? ತಂಗಿ. ನಾಳೆ ಅವಳ ಗಂಡ ಹಾಸಿಗೆ ಹಿಡಿದರೆ, ಅವಳು ವಿಧವೆಯಾದರೆ ಆ ಬೆಲೆ ಎಷ್ಟೆಂದು ತಿಳಿಯುತ್ತದೆ. ಅಲ್ಲಾಹನ ಆದೇಶದ ಮುಂದೆ? ತಂದೆತಾಯಿ ಮತ್ತು ಬಂಧುಗಳು ಬಿಟ್ಟು ಹೋದುದರಲ್ಲಿ, ಅದು ಅಲ್ಪವಿರಲಿ ಅಧಿಕವಿರಲಿ, ಪುರುಷರಿಗಿರುವಂತೆ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಕುರ್‌ಆನ್ ಸಾರಿದೆ (4:7). ಪಾಲುಗಳನ್ನು ವಿವರಿಸಿದ ಬಳಿಕ, ಇವು ಅಲ್ಲಾಹನ ಮೇರೆಗಳೆಂದೂ ಮೇರೆ ಮೀರಿದವನಿಗೆ ನರಕದ ಶಿಕ್ಷೆಯೆಂದೂ ಎಚ್ಚರಿಸಿದೆ (4:13-14).

ಒಂದು ಉದಾಹರಣೆ. ಸಾಲ, ವಸಿಯ್ಯತ್ ತೀರಿಸಿದ ಮೇಲೆ ಒಬ್ಬರು 40 ಲಕ್ಷ ರೂಪಾಯಿಯ ಆಸ್ತಿ ಬಿಟ್ಟಿದ್ದಾರೆ. ಪತ್ನಿ, ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳಿದ್ದಾರೆ. ತಂದೆತಾಯಿ ಬದುಕಿಲ್ಲ. ಪತ್ನಿಗೆ ಎಂಟನೇ ಒಂದು, ಅಂದರೆ 5 ಲಕ್ಷ. ಉಳಿದ 35 ಲಕ್ಷದಲ್ಲಿ ಗಂಡು ಮಕ್ಕಳಿಗೆ ತಲಾ 14 ಲಕ್ಷ, ಮಗಳಿಗೆ 7 ಲಕ್ಷ. ಆ 7 ಲಕ್ಷವನ್ನು ಕೊಡದೆ ಇಟ್ಟುಕೊಂಡವನು ತನ್ನ ಹಣವನ್ನು ಉಳಿಸಿದಂತಲ್ಲ, ತಂಗಿಯ ಹಣವನ್ನು ತಿಂದಂತೆ.

"ಮದುವೆಗೆ ಅಷ್ಟು ಖರ್ಚು ಮಾಡಿದೆವಲ್ಲ?" ಎನ್ನುವವರಿದ್ದಾರೆ. ತಂದೆ ಬದುಕಿದ್ದಾಗ ಮಗಳಿಗೆ ಕೊಟ್ಟದ್ದು ಉಡುಗೊರೆ. ವಾರಸುದಾರಿಕೆ ಹುಟ್ಟುವುದೇ ಮರಣದ ಬಳಿಕ. ಮದುವೆಯ ಹೆಸರಿನಲ್ಲಿ ಗಂಡಿನ ಕಡೆಗೆ ಹೋದ ವರದಕ್ಷಿಣೆಯನ್ನು ಅವಳ ಪಾಲೆಂದು ಲೆಕ್ಕ ಹಾಕುವುದಾದರೆ, ಒಂದು ಅನ್ಯಾಯವನ್ನು ತೋರಿಸಿ ಇನ್ನೊಂದನ್ನು ಸಮರ್ಥಿಸಿದಂತಾಯಿತು. "ಅವಳೇ ಬೇಡವೆಂದಳು" ಎನ್ನುವವರೂ ಇದ್ದಾರೆ. ಹಾಗಾದರೆ ಮೊದಲು ಅವಳ ಪಾಲು ಎಷ್ಟೆಂದು ತಿಳಿಸಿ ಅವಳ ಕೈಗೆ ಕೊಡಿ. ಆ ಮೇಲೆ ಅವಳು ಮನಸಾರೆ ಹಿಂದಿರುಗಿಸಿದರೆ ಅದು ಅವಳ ಔದಾರ್ಯ. ಕೊಡುವ ಮೊದಲೇ ಬಿಡಿಸಿಕೊಂಡದ್ದು ಔದಾರ್ಯವಲ್ಲ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಹಲವು ಕಡೆ, ಶರೀಅತನ್ನು ಬದಿಗಿಟ್ಟು ರೂಢಿಯ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರಿಗೆ ಪಾಲು ನಿರಾಕರಿಸಲಾಗುತ್ತಿತ್ತು. ಅದನ್ನು ಖಂಡಿಸಿದವರಲ್ಲಿ ಮುಸ್ಲಿಮ್ ಮಹಿಳಾ ಸಂಘಟನೆಗಳೂ ಇದ್ದವು. 1937ರ ಶರೀಅತ್ ಅನ್ವಯ ಕಾಯಿದೆ ಬಂದದ್ದು ಆ ರೂಢಿಯನ್ನು ತಡೆಯಲು. ಆದರೂ ಮೂಲ ಕಾಯಿದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೊಲದ ಮುಂದೆ ಕಾನೂನೂ ರೂಢಿಗೆ ಮಣಿಯಿತು! ಅಲ್ಲಾಹನ ಆದೇಶದಲ್ಲಿ ಮನೆಗೊಂದು, ಹೊಲಕ್ಕೊಂದು ಎಂಬ ಭೇದವಿಲ್ಲ. ಶರೀಅತಿನ ರಕ್ಷಣೆಗಾಗಿ ಸಭೆ ಸೇರುವ ನಾವು, ನಮ್ಮ ತಂಗಿಯ ವಿಷಯದಲ್ಲಿ ಯಾವ ಶರೀಅತನ್ನು ಪಾಲಿಸುತ್ತಿದ್ದೇವೆ?

ಪ್ರಶ್ನಿಸುವ ಶಿಷ್ಟಾಚಾರ

ಪ್ರಶ್ನಿಸುವುದೆಂದರೆ ಹಿರಿಯರನ್ನು ಅವಮಾನಿಸುವುದಲ್ಲ. ತಂದೆಯ ವಿಗ್ರಹಾರಾಧನೆಯನ್ನು ಪ್ರಶ್ನಿಸುವಾಗಲೂ ಹ. ಇಬ್ರಾಹೀಮ್(ಅ) ಪ್ರತಿ ಮಾತಿಗೂ "ಅಪ್ಪಾ" ಎಂದು ಕರೆದೇ ಮಾತನಾಡಿದರು (19:42-45). ನಮ್ಮ ಅಜ್ಜಿಯರು, ಉಮ್ಮಂದಿರು ಕಥೆಗಳೊಂದಿಗೆ ಪ್ರೀತಿಯನ್ನೂ ಕೊಟ್ಟಿದ್ದಾರೆ. ಆ ಪ್ರೀತಿಯನ್ನು ಉಳಿಸಿಕೊಂಡು ಕಥೆಯನ್ನು ಮಾತ್ರ ಬಿಡಲು ಸಾಧ್ಯವಿದೆ. ಮಕ್ಕಳು "ಯಾಕೆ?" ಎಂದು ಕೇಳಿದಾಗ ಗದರಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಒಟ್ಟಿಗೆ ಕುಳಿತು ಹುಡುಕಿ.

ಈ ತಿಂಗಳು ಒಂದು ದಿನ ಇಶಾ ನಮಾಝಿನ ಬಳಿಕ ಮನೆಯವರೆಲ್ಲ ಸೇರಿ. "ನಮ್ಮಲ್ಲಿ..." ಎಂದು ಆರಂಭವಾಗುವ ಒಂದೊಂದು ಮಾತನ್ನು ಪ್ರತಿಯೊಬ್ಬರೂ ಬರೆಯಲಿ. ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ನಿಲ್ಲುವ ಮಾತು ನಿಲ್ಲಲಿ, ಬೀಳುವುದು ಬೀಳಲಿ. ನಿಮ್ಮಲ್ಲಿ ಯಾರಾದರೂ ತಂಗಿಯ ಪಾಲನ್ನು ಕೊಡದೆ ಉಳಿಸಿಕೊಂಡಿದ್ದರೆ, ಅವಳು ಕೇಳಲಿ ಎಂದು ಕಾಯಬೇಡಿ. ಅವಳು ಕೇಳುವುದಿಲ್ಲ. ಕೇಳಬಾರದೆಂದು ಅವಳಿಗೆ ಕಲಿಸಿದ್ದು ನಾವೇ. ನೀವೇ ಅವಳ ಮನೆಗೆ ಹೋಗಿ ಬಾಗಿಲು ತಟ್ಟಿ.

ಸತ್ಯವನ್ನು ಸತ್ಯವಾಗಿ ಕಾಣುವ ಮತ್ತು ಕಂಡ ಬಳಿಕ ಅದರಿಂದ ಮುಖ ತಿರುಗಿಸದಿರುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.