ಸಂಜೆಯ ಬೆಳಕಿಗೊಂದು ದುರ್ಬೀನು

ತಮ್ಮಾ, ದುರ್ಬೀನು ಕೊಳ್ಳಲು ಎಂಟು ಸಾವಿರ ರೂಪಾಯಿ ಕೂಡಿಟ್ಟಿದ್ದೀಯ, ಸಂತೋಷ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲು, ಮೊಬೈಲಿನಲ್ಲಿ ಆರ್ಡರ್ ಹಾಕುವ ಮೊದಲು ಒಂದು ಪ್ರಶ್ನೆಗೆ ನೀನೇ ಉತ್ತರ ಕಂಡುಕೋ. ಅದರಲ್ಲಿ ನೀನು ನೋಡಬೇಕಿರುವುದು ಏನನ್ನು, ಯಾವ ಹೊತ್ತಿನಲ್ಲಿ? ಎಷ್ಟು ದೂರ ಕಾಣುತ್ತದೆ ಅನ್ನುವುದು ಆಮೇಲಿನ ಮಾತು.

ಕಂಪ್ಲಿಯವನಾದ ನಿನಗೆ ಈ ಉತ್ತರ ಕಷ್ಟವಲ್ಲ. ನಮ್ಮ ಸೀಮೆಯಲ್ಲಿ ನೋಡಬೇಕಾದ ಜೀವಗಳು ಹೊರಗೆ ಬರುವುದೇ ಹೊತ್ತು ಮೂಡುವಾಗ, ಇಲ್ಲವೇ ಹೊತ್ತು ಮುಳುಗುವಾಗ. ದರೋಜಿಯ ಕರಡಿಧಾಮವನ್ನೇ ತೆಗೆದುಕೋ. 1994ರಲ್ಲಿ ಬಿಳಿಕಲ್ಲು ಅರಣ್ಯವನ್ನು ಕರಡಿಗಳಿಗೆಂದು ಘೋಷಿಸಿದರು, 2009ರಲ್ಲಿ ಬುಕ್ಕಸಾಗರದ ಕಾಡನ್ನೂ ಸೇರಿಸಿದರು. ಈಗ ಅದು ಸುಮಾರು 82 ಚದರ ಕಿಲೋಮೀಟರಿನ ಧಾಮ. ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯ ಇಲಾಖೆಯ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಎದುರಿನ ಕಾವಲು ಗೋಪುರದಲ್ಲಿ ಜನ ಕಾಯುತ್ತಾರೆ. ಮೊದಲು ನವಿಲು, ಮುಂಗುಸಿ ಬರುತ್ತವೆ. ಬಿಸಿಲು ಇಳಿದು ಬಂಡೆಗಳ ನೆರಳು ಉದ್ದವಾದ ಮೇಲೆ ಗುಹೆಗಳಿಂದ ಕರಡಿ ಇಳಿಯುತ್ತದೆ. ಕಪ್ಪು ಪ್ರಾಣಿ, ಕಪ್ಪು ನೆರಳು, ಕಂದುತ್ತಿರುವ ಬೆಳಕು. ಅಗ್ಗದ ಗಾಜಿನಲ್ಲಿ ಅಲ್ಲೊಂದು ಕರಿ ಮುದ್ದೆ ಅಲುಗಾಡಿದ ಹಾಗೆ ಕಾಣುತ್ತದೆ, ಅಷ್ಟೇ. ಒಳ್ಳೆಯ ಗಾಜಿನಲ್ಲಾದರೆ ಮಾಸಲು ಬಣ್ಣದ ಮೂತಿ, ಎದೆಯ ಮೇಲಿನ ಬಿಳಿ ಗುರುತು, ಬಂಡೆಯನ್ನು ಕೆರೆಯುವ ಉದ್ದನೆಯ ಉಗುರು ಬೇರೆಬೇರೆಯಾಗಿ ಕಾಣುತ್ತವೆ. ತಾಯಿಯ ಬೆನ್ನಿನ ಜೂಲನ್ನು ಬಿಗಿಯಾಗಿ ಹಿಡಿದು ಕೂತ ಮರಿಯೂ ಕಂಡೀತು. ಆ ಕೊನೆಯ ಅರ್ಧ ಗಂಟೆಗಾಗಿಯೇ ನೀನು ದುಡ್ಡು ಕೊಡುತ್ತಿರುವುದು. ಉಳಿದೆಲ್ಲ ಹೊತ್ತಿನಲ್ಲಿ ಯಾವ ದುರ್ಬೀನಾದರೂ ತಕ್ಕಮಟ್ಟಿಗೆ ಕಾಣಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ದುರ್ಬೀನಿನ ಮೇಲೆ 8×42 ಎಂದೋ 10×42 ಎಂದೋ ಬರೆದಿರುತ್ತದೆ. ಮೊದಲಿನದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರುಗಳಲ್ಲಿ. ಅಗಲವನ್ನು ಪಟ್ಟಿನಿಂದ ಭಾಗಿಸು. 42ನ್ನು 8ರಿಂದ ಭಾಗಿಸಿದರೆ 5.25, 10ರಿಂದ ಭಾಗಿಸಿದರೆ 4.2. ನಿನ್ನ ಕಣ್ಣಿನ ಮೇಲೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಇದು. ನಡುಮಧ್ಯಾಹ್ನ ಕಣ್ಣಪಾಪೆ ಎರಡು ಮೂರು ಮಿಲಿಮೀಟರಿಗೆ ಕಿರಿದಾಗಿರುತ್ತದೆ, ಆಗ ಇವೆರಡರಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಸಂಜೆಗತ್ತಲಲ್ಲಿ ಪಾಪೆ ಅರಳುತ್ತದೆ. ನನ್ನ ವಯಸ್ಸಿನವರದು ಐದರ ಆಸುಪಾಸಿನಲ್ಲೇ ನಿಂತುಬಿಡಬಹುದು, ನಿನ್ನಂಥ ಹುಡುಗರದು ಏಳರವರೆಗೂ ಹೋಗುತ್ತದೆ. ಆ ಹೊತ್ತಿಗೆ 8×42 ನಿನ್ನ ಕಣ್ಣಿಗೆ 10×42ಗಿಂತ ಒಂದೂವರೆ ಪಟ್ಟು ಬೆಳಗಿದ ಚಿತ್ರ ಕೊಡುತ್ತದೆ. ಜೇಬಿಗೆ ಹಿಡಿಸುತ್ತದೆಂದು ಮಾರುವ 10×25ರ ಬಿಲ್ಲೆ ಬರೀ ಎರಡೂವರೆ ಮಿಲಿಮೀಟರು. ಕರಡಿಕಲ್ಲಿನ ಸಂಜೆಗೆ ಅದು ಏನೇನೂ ಸಾಲದು.

ಹತ್ತು ಪಟ್ಟಿನದು ಬೇಡವೇ ಬೇಡ ಎನ್ನುವುದಿಲ್ಲ. ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಬಯಲು ನೀರು, ದೂರದ ಹಿಂಡು, ಮೇಲೆ ಧಾರಾಳ ಬೆಳಕು. ಅಲ್ಲಿಗೇ ಹೆಚ್ಚು ಹೋಗುವವರು ಹತ್ತರದನ್ನೇ ಕೊಳ್ಳಲಿ. ಆದರೆ ಪಟ್ಟು ಹೆಚ್ಚಿದಂತೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ, ಕಣ್ಣಿಗೆ ಸಿಗುವ ಹರವು ಕಿರಿದಾಗುತ್ತದೆ. ಎಂಟರ ದುರ್ಬೀನಿನಲ್ಲಿ ಸಾವಿರ ಮೀಟರು ದೂರದಲ್ಲಿ 130-140 ಮೀಟರಿನ ಹರವು ಸಿಕ್ಕರೆ, ಹತ್ತರದರಲ್ಲಿ ಬಹುಪಾಲು 105-115ಕ್ಕೆ ಇಳಿಯುತ್ತದೆ. ಹಂಪಿಯ ಬಂಡೆಗಳ ನಡುವಿನ ಕುರುಚಲಲ್ಲಿ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿ ನೋಡು, ಹರವಿನ ಬೆಲೆ ತಿಳಿಯುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಲ್ಲದೆ ಬೇರೆಲ್ಲೂ ಇಲ್ಲದ ಹಕ್ಕಿ ಅದು, ಒಂದು ಕಡೆ ಕೂರುವ ಜಾತಿಯಲ್ಲ. ಇನ್ನು ನಮ್ಮ ಬೇಸಿಗೆಯಲ್ಲಿ ಹತ್ತು ಗಂಟೆ ದಾಟಿತೆಂದರೆ ಕಾದ ಬಂಡೆಯ ಮೇಲಿನ ಗಾಳಿ ಕುದಿಯತೊಡಗುತ್ತದೆ. ಆಗ ಎಷ್ಟು ಹಿಗ್ಗಿಸಿದರೂ ಹಿಗ್ಗುವುದು ಆ ಅಲುಗಾಟವೇ. ಆದ್ದರಿಂದ ಒಂದೇ ದುರ್ಬೀನು ಕೊಳ್ಳಬಲ್ಲವನಿಗೆ ನನ್ನ ತೀರ್ಮಾನ ಎಂಟು ಪಟ್ಟು, ನಲವತ್ತು ಅಥವಾ ನಲವತ್ತೆರಡರ ಗಾಜು.

ಜಾತ್ರೆಯಲ್ಲೂ ಆನ್‌ಲೈನಿನಲ್ಲೂ 50×50, 60×60 ಎಂದೆಲ್ಲ ಬರೆದ ಪೆಟ್ಟಿಗೆಗಳು ಸಾವಿರ ರೂಪಾಯಿಗೆ ಸಿಗುತ್ತವೆ. ಆ ಅಂಕಿಗಳು ಸುಳ್ಳು. ನಿಜವಾಗಿ ಅರವತ್ತು ಪಟ್ಟು ಹಿಗ್ಗಿಸುವುದನ್ನು ಸ್ಟ್ಯಾಂಡ್ ಇಲ್ಲದೆ ಯಾರೂ ಹಿಡಿದು ನೋಡಲಾರರು. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಲೇಪದ ಗಾಜಿಗೂ ಮರುಳಾಗಬೇಡ. ಆ ಲೇಪ ಕೆಂಪು ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಎಸೆಯುತ್ತದೆ, ಒಳಗಿನ ಚಿತ್ರ ಹಸಿರು ನೀಲಿಗೆ ತಿರುಗುತ್ತದೆ. ಒಳ್ಳೆಯ ಲೇಪವಿರುವ ಗಾಜಿನಲ್ಲಿ ನಿನ್ನ ಮುಖದ ಪ್ರತಿಬಿಂಬ ಮಂಕಾಗಿ, ತೆಳು ಹಸಿರೋ ನೇರಳೆಯೋ ಆಗಿ ಕಾಣಬೇಕು. 8ರಿಂದ 24ರವರೆಗೆ ತಿರುಗಿಸುವ ಜೂಮ್ ದುರ್ಬೀನುಗಳೂ ಈ ಬೆಲೆಗೆ ಬೇಡ.

ನಿನ್ನ ದುಡ್ಡಿಗೆ ಎರಡು ಬಗೆಯವು ಸಿಗುತ್ತವೆ. ಒಂದು ನೇರ ಕೊಳವೆಯದು, ಕೈಗೆ ಹಗುರ, ನೋಡಲು ಅಂದ. ಇನ್ನೊಂದು ಭುಜ ಅಗಲವಾದ ಹಳೇ ಮಾದರಿಯ ಪೊರ‍್ರೊ. ನೇರ ಕೊಳವೆಯೊಳಗಿನ ಪಟ್ಟಕವನ್ನು ಅತಿ ಸೂಕ್ಷ್ಮವಾಗಿ ಉಜ್ಜಿ ಅದಕ್ಕೆ ವಿಶೇಷ ಲೇಪ ಕೊಡಬೇಕು, ಅದು ದುಬಾರಿ ಕೆಲಸ. ಕಡಿಮೆ ಬೆಲೆಯವುಗಳಲ್ಲಿ ಕೈಬಿಡುವುದು ಅದನ್ನೇ. ಇಟಲಿಯ ಇಗ್ನಾಜಿಯೊ ಪೊರ‍್ರೊ 1854ರಲ್ಲಿ ಪೇಟೆಂಟ್ ಪಡೆದ ಪಟ್ಟಕ ಆ ಗೋಜಿಲ್ಲದೆಯೇ ಚೊಕ್ಕ ಚಿತ್ರ ಕೊಡುತ್ತದೆ. ನಿಕಾನ್ ಅಕ್ಯುಲಾನ್ 8×42, ಒಲಿಂಪಸ್‌ನ 8×40 ಡಿಪಿಎಸ್ ಈ ಜಾತಿಯವು. ಇವು ತುಸು ಭಾರ, ಮಳೆ ತಡೆಯುವುದಿಲ್ಲ. ಆದರೂ ಕಡಿಮೆ ದುಡ್ಡಿನವನಿಗೆ ಇವೇ ಸರಿ. ನದಿಯಲ್ಲಿ ತೆಪ್ಪದ ಮೇಲೆ ಕೂತು ನೋಡುವ ಹವ್ಯಾಸವಿದ್ದರೆ ಮಾತ್ರ ಇನ್ನಷ್ಟು ಕೂಡಿಸಿ, ಒಳಗೆ ನೈಟ್ರೋಜನ್ ತುಂಬಿದ ಜಲನಿರೋಧಕದ್ದನ್ನು ಕೊಳ್ಳು.

ಕೈಗೆ ಬಂದ ಕೂಡಲೇ ಪರೀಕ್ಷಿಸು. ಕಣ್ಣಿಗೆ ಹಿಡಿಯುವ ಗಾಜುಗಳನ್ನು ನಿನ್ನ ಕಡೆಗಿಟ್ಟು ಒಂದು ಮೊಳ ದೂರ ಹಿಡಿದು ಬೆಳ್ಳಗಿನ ಆಕಾಶದ ಕಡೆ ತೋರಿಸು, ಸೂರ್ಯನ ಕಡೆ ಎಂದೆಂದಿಗೂ ಬೇಡ. ಎರಡು ಬೆಳಕಿನ ಬಿಲ್ಲೆಗಳು ಕಾಣುತ್ತವೆ. ಅವು ಪೂರ್ಣ ದುಂಡಗಿದ್ದರೆ ಒಳಗಿನ ಪಟ್ಟಕ ಬಿಎಕೆ-4 ಎಂಬ ಒಳ್ಳೆಯ ಗಾಜಿನದು. ಅಂಚು ಕತ್ತರಿಸಿದಂತೆ ಚೌಕವಾಗಿದ್ದರೆ ಕಡಿಮೆ ದರ್ಜೆಯದು, ಅಲ್ಲಿ ಬೆಳಕು ಸೋರಿಹೋಗುತ್ತಿದೆ. ಆಮೇಲೆ ದೂರದ ವಿದ್ಯುತ್ ಕಂಬವನ್ನು ನೋಡು, ಒಂದೊಂದೇ ಕಣ್ಣು ಮುಚ್ಚಿ ತೆರೆ. ಕಂಬ ಮೇಲೆ ಕೆಳಗೆ ಜಿಗಿದರೆ ಎರಡು ಕೊಳವೆಗಳು ಹೊಂದಿಕೊಂಡಿಲ್ಲ ಎಂದರ್ಥ. ಅಂಥದರಲ್ಲಿ ನೋಡಿದರೆ ಹತ್ತು ನಿಮಿಷಕ್ಕೆ ತಲೆನೋವು ಶುರುವಾಗುತ್ತದೆ. ಅದನ್ನು ಮನೆಯಲ್ಲಿ ಸರಿಮಾಡಲಾಗದು, ವಾಪಸು ಕೊಡು. ಕೊನೆಗೆ ಭತ್ತದ ಗದ್ದೆಯಲ್ಲಿ ಬಿಸಿಲಿಗೆ ನಿಂತ ಬೆಳ್ಳಕ್ಕಿಯನ್ನು ನೋಡು. ಬೆನ್ನಿನ ಅಂಚಿಗೆ ನೇರಳೆ ಗೀಟು ದಪ್ಪಗೆ ಕಂಡರೆ ಗಾಜು ಸಾಧಾರಣದ್ದು. ಸಣ್ಣಗೆ ಕಂಡರೆ ಚಿಂತೆಯಿಲ್ಲ, ಈ ಬೆಲೆಗೆ ಅಷ್ಟು ಇದ್ದೇ ಇರುತ್ತದೆ. ನಿನ್ನ ತಂಗಿ ಕನ್ನಡಕ ಹಾಕುತ್ತಾಳಲ್ಲ, ಅವಳ ಕೈಗೂ ಕೊಟ್ಟು ನೋಡು. ಕಣ್ಣಿನಿಂದ 15-16 ಮಿಲಿಮೀಟರು ದೂರದಲ್ಲೂ ಇಡೀ ಚಿತ್ರ ಸಿಗದಿದ್ದರೆ ಕನ್ನಡಕದವರಿಗೆ ಅದು ಇಕ್ಕಟ್ಟಾಗುತ್ತದೆ.

ಕೊಂಡ ಮೇಲೆ ಕಾಪಾಡುವ ಮಾತು. ಸಂಡೂರಿನ ಗುಡ್ಡಗಳಿಗೆ ಹೋಗಿ ಬಂದರೆ ಬಟ್ಟೆಯಂತೆ ಗಾಜಿಗೂ ಕೆಂಧೂಳು ಕೂರುತ್ತದೆ. ಅದು ಕಬ್ಬಿಣದ ಅದಿರಿನ ಪುಡಿ, ಗಾಜನ್ನೇ ಗೀರಬಲ್ಲಷ್ಟು ಗಟ್ಟಿ. ಅಂಗಿಯ ತುದಿಯಿಂದ ಒರೆಸಿದರೆ ದುಡ್ಡು ಕೊಟ್ಟು ಪಡೆದ ಲೇಪ ಅವತ್ತೇ ಹೋಗುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಊದು, ಮೆತ್ತನೆ ಬ್ರಷ್ ಆಡಿಸು, ಕಡೆಗಷ್ಟೇ ಬಟ್ಟೆ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಡಬೇಡ, ಗಾಜಿನೊಳಗೆ ಬೂಷ್ಟು ಬೆಳೆಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊದಲು ನೋಡಬೇಕಾದ್ದೂ ಆ ಬೂಷ್ಟನ್ನೇ. ದೊಡ್ಡ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು ನೋಡಿದಾಗ ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಕೇಳು. ಮುದ್ಲಾಪುರದಿಂದ ನಮ್ಮ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿದೆ. ಅಂಥದ್ದು ನಮ್ಮ ಮನೆಬಾಗಿಲಲ್ಲೇ ಇದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಂದ, ಮರಳು ತೋಡುವವರಿಂದ ಆ ಪ್ರಾಣಿಗಳು ಈಗಾಗಲೇ ಬೆದರಿವೆ. ಈಗ ಮೊಬೈಲ್ ಹಿಡಿದು ಬಿಲದ ಬಾಯಿಯವರೆಗೂ ಹೋಗುವ ಹುಡುಗರಿದ್ದಾರೆ. ಮರಿ ಇರುವ ತಾಯಿ ಹಾಗೆ ಒಮ್ಮೆ ಬೆದರಿದರೆ ಜಾಗವನ್ನೇ ಬಿಟ್ಟು ಹೋಗಬಹುದು. ನಿನ್ನ ಕೈಯಲ್ಲಿ ಎಂಟು ಪಟ್ಟಿನ ಗಾಜಿದ್ದರೆ ಎಂಬತ್ತು ಮೀಟರಿನಾಚೆಯ ನೀರುನಾಯಿ ಹತ್ತು ಮೀಟರಿಗೆ ಬಂದಂತೆ. ಆಚೆ ದಡಕ್ಕೆ ದಾಟುವ ಅಗತ್ಯವೇ ಇಲ್ಲ. ಕಲ್ಲಿಗೆ ಒರಗಿ, ಮೊಣಕೈಗಳನ್ನು ಮಂಡಿಗೆ ಊರಿ ಕೂತುಕೋ, ಚಿತ್ರ ಅಲುಗಾಡುವುದಿಲ್ಲ. ಗೆಳೆಯರು ಹತ್ತಿರ ಹೋಗೋಣ ಎಂದರೆ ದುರ್ಬೀನನ್ನು ಅವರ ಕೈಗೆ ಕೊಡು.

ಆನ್‌ಲೈನಿನಲ್ಲಿ ತರಿಸಿದರೆ ಹಿಂದಿರುಗಿಸುವ ಗಡುವನ್ನು ಮೊದಲೇ ಓದಿಕೊಂಡಿರು. ಆ ಗಡುವಿನೊಳಗೆ ಒಂದು ಸಂಜೆ ದರೋಜಿಗೋ ಹೊಳೆದಂಡೆಗೋ ಹೋಗಿ, ಕತ್ತಲಾಗುವವರೆಗೂ ನೋಡಿ ಬಾ. ಬರಿಗಣ್ಣಿಗೆ ಕಾಣದ್ದು ಆ ಹೊತ್ತಿನಲ್ಲೂ ಅದರಲ್ಲಿ ಕಂಡರೆ ಇಟ್ಟುಕೋ, ಇಲ್ಲದಿದ್ದರೆ ಮುಲಾಜಿಲ್ಲದೆ ವಾಪಸು ಕಳಿಸು.