ಹತ್ತಲಿ ಬಿಡಿ, ಹತ್ತಿರ ಇರಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ದಿನಾ ಬರುತ್ತಾರೆ. ಜೊತೆಗೆ ಮಗಳು ಪುಟ್ಟಿ. ಪುಟ್ಟಿಗೆ ಒಂದೂವರೆ ವರ್ಷ. ಮೊನ್ನೆ ಅವರು ತಡವಾಗಿ ಬಂದರು. ಕಣ್ಣಲ್ಲಿ ನೀರು.

"ಏನಾಯ್ತು ಅಕ್ಕ?" ಎಂದು ಕೇಳಿದೆವು.

"ಏನ್ ಹೇಳ್ಲಿ ಟೀಚರ್! ನಾನು ಒಲೆ ಮುಂದೆ ಇದ್ದೆ. ಇವಳು ರಾಗಿ ಮೂಟೆ ಹತ್ತಿ ಬಿದ್ದಳು. ಹಣೆ ಊದ್ಕೊಂಡಿದೆ. ಹೆಣ್ಣುಮಗು ಹಿಂಗೆ ಹತ್ತಬಾರ್ದು ಅಂತ ಅತ್ತೆ ಬೈದ್ರು. ನಾಳೆಯಿಂದ ಹಳೇ ಸೀರೆಯಲ್ಲಿ ಮಂಚದ ಕಾಲಿಗೆ ಕಟ್ಟಿ ಹಾಕ್ತೀನಿ."

"ಮಗು ವಾಂತಿ ಮಾಡ್ತಾ? ಮಂಪರು ಇದೆಯಾ?"

"ಇಲ್ಲ. ಬಿದ್ದ ಕೂಡ್ಲೇ ಅತ್ತಳು. ಆಮೇಲೆ ಹಾಲು ಕುಡಿದು ಆಡ್ತಾ ಇದ್ದಾಳೆ."

ಆಗ ಹಿರಿಯ ಅಜ್ಜಿಯೊಬ್ಬರು ಹೇಳಿದರು: "ಕಟ್ಟಿ ಹಾಕಬ್ಯಾಡ ಕಣವ್ವ. ನಮ್ಮನ್ನ ಕಟ್ಟಿ ಹಾಕಿದ್ದೇ ಸಾಕು."

ಅಂದು ಸ್ಲೇಟು ಬದಿಗಿಟ್ಟೆವು. ಇದೇ ವಿಷಯ ಮಾತಾಡಿದೆವು.

ಮಗು ಯಾಕೆ ಹತ್ತುತ್ತದೆ?

ಮಗು ತುಂಟತನಕ್ಕೆ ಹತ್ತುವುದಿಲ್ಲ. ಅದು ಅದರ ಕಲಿಕೆ. ಹತ್ತಿದರೆ ಕೈಕಾಲಿಗೆ ಬಲ ಬರುತ್ತದೆ. ಮೈ ತೂಗಿಸಿಕೊಳ್ಳಲು ಬರುತ್ತದೆ. "ನನಗೆ ಆಗುತ್ತೆ" ಎಂಬ ಧೈರ್ಯ ಬರುತ್ತದೆ. ಈ ಧೈರ್ಯ ಗಂಡುಮಗುವಿಗೆ ಬೇಕು. ಹೆಣ್ಣುಮಗುವಿಗೂ ಬೇಕು.

ಒಂದು ವರ್ಷ ತುಂಬಿದ ಮಗು ದಿನಕ್ಕೆ ಒಟ್ಟು 3 ಗಂಟೆಯಾದರೂ ಓಡಾಡಿ ಆಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೀಗೆ ಹೇಳಿದೆ. ಕಟ್ಟಿ ಹಾಕಿದ ಮಗು ಹೇಗೆ ಆಡೀತು?

ಎಲ್ಲ ಮಕ್ಕಳೂ ಒಂದೇ ಸಮ ಅಲ್ಲ. ಕೆಲವರು ಬೇಗ ಹತ್ತುತ್ತಾರೆ. ಕೆಲವರು ನಿಧಾನ. ಆದರೆ ಒಂದೂವರೆ ವರ್ಷವಾದರೂ ಮಗು ತಾನಾಗಿ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ.

ಮನೆಯೊಳಗೆ ಹೇಗೆ ಕಲಿಸೋಣ?

1. ಮೊದಲು ಹೊಸ್ತಿಲು. ಮಗು ಅದನ್ನು ಹಿಡಿದು ದಾಟಲಿ.

2. ಆಮೇಲೆ ನಡುಮನೆಯಲ್ಲಿ ಕಂಬಳಿ, ಕೌದಿ ಮಡಿಸಿ ಗುಡ್ಡ ಮಾಡಿ. ಮಗುವಿನ ಮೊಣಕಾಲಿನಷ್ಟು ಎತ್ತರ ಸಾಕು. ಸುತ್ತ ಚಾಪೆ, ಹಾಸಿಗೆ ಹಾಸಿ.

3. ಬರಿಗಾಲಲ್ಲಿ ಹತ್ತಲಿ. ಕಾಲಿಗೆ ತೊಡರುವ ಉದ್ದ ಲಂಗ ಬೇಡ. ಕೊರಳಿನ ಸರ, ದಾರ ತೆಗೆಯಿರಿ.

4. ನೀವು ಎತ್ತಿ ಮೇಲೆ ಕೂರಿಸಬೇಡಿ. ತಾನೇ ಹತ್ತುವಷ್ಟು ಹತ್ತಲಿ. ಒಂದು ಕೈ ಹಿಡಿದು ಜಗ್ಗಬೇಡಿ. ಮೊಣಕೈ ಕೀಲು ತಪ್ಪಬಹುದು.

5. ಇಳಿಯುವುದನ್ನೂ ಕಲಿಸಿ. ಹತ್ತುವುದು ಸುಲಭ, ಇಳಿಯುವುದು ಕಷ್ಟ. ಮಗುವನ್ನು ಬೋರಲು ತಿರುಗಿಸಿ. "ಮೊದಲು ಕಾಲು, ಆಮೇಲೆ ತಲೆ" ಎಂದು ಹೇಳುತ್ತಾ ಹಿಂದೆ ಜಾರಿಸಿ.

ಇದು ತಾಯಿ ಒಬ್ಬಳ ಕೆಲಸವಲ್ಲ. ನೀವು ಅಡುಗೆ ಮಾಡುವಾಗ ಅಪ್ಪ ಮಗುವಿನ ಹತ್ತಿರ ಕೂರಲಿ. ಅಪ್ಪನ ಮಡಿಲು, ಬೆನ್ನು, ಹೆಗಲು ಮಗುವಿಗೆ ಒಳ್ಳೆಯ ಗುಡ್ಡ!

ಎಚ್ಚರ!

ಒಲೆ, ಬಿಸಿನೀರು, ನೀರಿನ ತೊಟ್ಟಿಯ ಹತ್ತಿರ ಬಿಡಬೇಡಿ. ಅಟ್ಟದ ಏಣಿಯನ್ನು ತೆಗೆದಿಡಿ. ಮಹಡಿ ಮೆಟ್ಟಿಲಿಗೆ ಅಡ್ಡ ಹಲಗೆ ಹಾಕಿ. ಕಿಟಕಿಯ ಹತ್ತಿರ ಮಂಚ, ಕುರ್ಚಿ ಇಡಬೇಡಿ. ಮೂಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಬೀರು, ಟಿವಿ ಮಗುವಿನ ಮೇಲೆ ಬೀಳದಂತೆ ಗೋಡೆಗೆ ಭದ್ರ ಮಾಡಿ.

ಬಿದ್ದು ತಲೆಗೆ ಪೆಟ್ಟಾದರೆ ಮಗುವನ್ನು ಗಮನಿಸಿ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಕಿವಿ ಮೂಗಿನಲ್ಲಿ ರಕ್ತ ಬಂದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗಿ.

ಮುಂದಿನ ವಾರ ಪುಟ್ಟಿಯ ತಾಯಿ ನಗುತ್ತಾ ಬಂದರು. "ನಿನ್ನೆ ಅವರಪ್ಪ ಕೌದಿ ಗುಡ್ಡ ಮಾಡಿದ್ರು ಟೀಚರ್. ಪುಟ್ಟಿ ಹತ್ತಿ, ತಿರುಗಿ, ಕಾಲು ಬಿಟ್ಟು ಇಳಿದಳು. ಅತ್ತೆನೇ ಚಪ್ಪಾಳೆ ಹೊಡೆದ್ರು!"

ಹತ್ತಲಿ ಬಿಡಿ. ಹತ್ತಿರ ಇರಿ. ಇಷ್ಟು ನೆನಪಿಟ್ಟರೆ ಸಾಕು.

ಉತ್ತರ ಹೇಳಿ
1. ಪುಟ್ಟಿಯ ತಾಯಿ ಯಾಕೆ ಅತ್ತರು?
2. ಇಳಿಯುವಾಗ ಮೊದಲು ಏನು ಕೆಳಗೆ ಬರಬೇಕು?

ಓದಿ, ಬರೆಯಿರಿ
ಹೊಸ್ತಿಲು, ಕಂಬಳಿ, ಮೆಟ್ಟಿಲು, ಮಡಿಲು, ಧೈರ್ಯ

ಕೂಡಿ ಮಾತಾಡಿ
ನಿಮ್ಮ ಮನೆಯಲ್ಲಿ ಮಗು ಹತ್ತಬಹುದಾದ ಜಾಗ ಯಾವುದು? ಹತ್ತಬಾರದ ಜಾಗ ಯಾವುದು?