ಹೆರಿಗೆ ನೋವಿನಲ್ಲಿ ಉಪವಾಸ ಬೇಕೇ?

ಯಲಹಂಕದಿಂದ ಬರೆದಿರುವ ತಂಗಿ, ನೋವು ಬಂದ ಮೇಲೆ ತೊಟ್ಟು ನೀರೂ ಕೂಡದೆಂಬ ಕಟ್ಟುಪಾಡಿನ ಮೂಲ 1946ರಲ್ಲಿದೆ. ಪೂರ್ಣ ಅರಿವಳಿಕೆಯಲ್ಲಿರುವ ಗರ್ಭಿಣಿಯ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕಿಳಿಯುವ ಅಪಾಯವನ್ನು ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಆಗ ವರದಿ ಮಾಡಿದರು: 44,016 ಪ್ರಕರಣಗಳಲ್ಲಿ 66 ಮಂದಿಗೆ ಹೀಗಾಗಿ, ಇಬ್ಬರು ತೀರಿಕೊಂಡಿದ್ದರು. ಭಯ ನಿಜವೇ. ಆದರೆ ಇಂದು ಸಿಸೇರಿಯನ್‌ಗೆ ಹೆಚ್ಚಾಗಿ ಬೆನ್ನಿಗೇ ಅರಿವಳಿಕೆ ಕೊಡುತ್ತಾರೆ; ತಾಯಿ ಎಚ್ಚರವಾಗಿರುವುದರಿಂದ ಆ ಅಪಾಯ ಕಡಿಮೆ. 3,130 ಮಹಿಳೆಯರ ಐದು ಅಧ್ಯಯನಗಳನ್ನು ತೂಗಿದ 2013ರ ಕಾಕ್ರೇನ್ ವಿಮರ್ಶೆಗೆ, ತೊಡಕಿಲ್ಲದ ಗರ್ಭಿಣಿಯರನ್ನು ಹಸಿವಿನಲ್ಲಿಡಲು ಆಧಾರ ಸಿಗಲಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥವರು ಉಣ್ಣಲಿ, ಕುಡಿಯಲಿ ಎಂದೇ ಶಿಫಾರಸು ಮಾಡಿತು.

‘ತುರ್ತು ಆಪರೇಷನ್ ಬಂದರೆ?’ ಎಂಬ ನಿಮ್ಮ ಅತ್ತೆಯವರ ಪ್ರಶ್ನೆ ನ್ಯಾಯವಾದದ್ದು. ಅಪರೂಪದ ಆ ಅಪಾಯವನ್ನು ಅಳೆಯಲು ಆ ಅಧ್ಯಯನಗಳು ಸಾಲವು. ಆದರೆ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಮ್ಲ ಇದ್ದೇ ಇರುತ್ತದೆ. ಬಾಯಾರಿಕೆ, ಸುಸ್ತು ಮಾತ್ರ ಹೆಚ್ಚುತ್ತವೆ. ಆದ್ದರಿಂದ ಮನೆಯಲ್ಲಿ ನೋವು ಇನ್ನೂ ಸಣ್ಣದಿರುವಾಗ ಇಡ್ಲಿಯೋ ಗಂಜಿಯೋ ತಿನ್ನಿ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನೀರು, ಎಳನೀರು ಜೊತೆಗಿರಲಿ. ನೋವು ಬಿರುಸಾದ ಮೇಲೆ ಗುಟುಕು ಗುಟುಕಾಗಿ ಕುಡಿದರೆ ಸಾಕು, ಎಣ್ಣೆ–ತುಪ್ಪದ ಊಟ ಬೇಡ. ಬಿಪಿ, ಸಕ್ಕರೆ ಕಾಯಿಲೆ, ಅವಳಿ ಮಕ್ಕಳು, ಮೊದಲೇ ನಿಗದಿಯಾದ ಸಿಸೇರಿಯನ್ ಇದ್ದವರಿಗೆ ಈ ಮಾತು ಅನ್ವಯಿಸದು. ಅಲ್ಲಿ ವೈದ್ಯರು ಹೇಳಿದ್ದೇ ನಡೆಯಬೇಕು. ಮುಂದಿನ ತಪಾಸಣೆಯಲ್ಲೇ ‘ನನಗೆ ಏನು ಕುಡಿಯಲು ಬಿಡುತ್ತೀರಿ, ಯಾವಾಗಿನವರೆಗೆ?’ ಎಂದು ಕೇಳಿ, ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.